‘ಝುಂಡ್’ ಚಿತ್ರ ಮತ್ತು ನಮ್ಮ ಮಕ್ಕಳು: ಪಾಲಕರಿಗೆ ಕೆಲವು ಮಾತು

ನಮ್ಮ ಮುಕ್ತದ್ವಾರ ವಾಚನಾಲಯದಲ್ಲಿ ಸಂಜೆಯ ಹೊತ್ತು ಪತ್ರಿಕೆ ಓದಲು ಕೂಡುವ ಮಿತ್ರರಲ್ಲಿ ಒಂದು ವಾದ ಹುಟ್ಟಿಕೊಂಡು ಇನ್ನೂ ಮುಗಿದಿಲ್ಲ. 2025ರ ಅಕ್ಟೋಬರ ತಿಂಗಳಲ್ಲಿ ನಾಗಪುರದ ಜರೀಪಟಕಾ ಭಾಗದಲ್ಲಿ ಒಬ್ಬ ತರುಣನ ಕೊಲೆಯಾಯಿತು. ಅವನ ವಯಸ್ಸು ಇಪ್ಪತ್ತೊಂದು. ‘ಝುಂಡ್’ ಎಂಬ ಹಿಂದೀ ಚಿತ್ರದಲ್ಲಿ ಅಮಿತಾಭ ಬಚ್ಚನ್ನರ ಜೊತೆಗೆ ಅಭಿನಯಿಸಿದ ಹುಡುಗರಲ್ಲಿ ಅವನೂ ಒಬ್ಬ. ಸುದ್ದಿ ಓದಿದ ಮಿತ್ರರೊಬ್ಬರು, “ಇಂಥ ಸಿನೇಮಾ ತೆಗೆದೇ ಹುಡುಗರನ್ನು ಕೆಡಿಸುತ್ತಾರೆ” ಎಂದರು. ಇನ್ನೊಬ್ಬರು, “ಸಿನೇಮಾ ಕೆಡಿಸಲಿಲ್ಲ, ಸಿನೇಮಾ ಮುಗಿದ ಮೇಲೆ ಅವನನ್ನು ಕೇಳುವವರು ಯಾರೂ ಇರಲಿಲ್ಲ” ಎಂದರು. ಮಾತಿಗೆ ಮಾತು ಬೆಳೆಯಿತು. ಆಗ ಮೂಲೆಯ ಬಾಕಿನ ಮೇಲೆ ಕುಳಿತಿದ್ದ, ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುವ ಒಬ್ಬರು, “ಅದೆಲ್ಲಾ ಇರಲಿ ರಾಯರ, ನನ್ನ ಮಗ ಎಂಟನೇ ಇಯತ್ತೆ ಓದತಾನ. ಅವಗ ಈ ಸಿನೇಮಾ ತೋರಸಬೇಕೋ ಬ್ಯಾಡೋ, ಅಷ್ಟು ಹೇಳರಿ” ಎಂದು ಕೇಳಿದರು.

ಕೇಳಿದ್ದು ಸರಿಯಾದ ಪ್ರಶ್ನೆ. ಉಳಿದ ವಾದವನ್ನು ಬಿಟ್ಟು ಈ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಬರೆಯುತ್ತೇನೆ. ನಾನು ಸಿನೇಮಾ ಪಂಡಿತನಲ್ಲ. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ. ಚಿತ್ರವನ್ನು ಎರಡು ಸಲ ನೋಡಿದ್ದೇನೆ, ಎರಡನೆಯ ಸಲ ಮಗನೊಂದಿಗೆ.

ಮೊದಲು ಚಿತ್ರ ಯಾವುದೆಂದು ತಿಳಿಯದವರಿಗಾಗಿ. ‘ಝುಂಡ್’ ಎಂದರೆ ಹಿಂಡು. ತೆರೆ ಕಂಡದ್ದು 2022ರ ಮಾರ್ಚ್ 4ರಂದು. ನಿರ್ದೇಶಕರು ನಾಗರಾಜ ಮಂಜುಳೆ, ನಮ್ಮ ವಿಜಾಪುರ ಕಲಬುರ್ಗಿಗಳಿಗೆ ತಾಗಿರುವ ಸೋಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನವರು. ಅವರ ಮರಾಠೀ ‘ಸೈರಾಟ್’ ಚಿತ್ರವನ್ನೇ 2017ರಲ್ಲಿ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಎಂದು ಮಾಡಿದ್ದನ್ನು ಕೆಲವರು ನೋಡಿರಬಹುದು. ‘ಝುಂಡ್’ನ ಕಥೆ ನಡೆಯುವುದು ನಾಗಪುರದಲ್ಲಿ, ಚಿತ್ರ ತೆಗೆದದ್ದೂ ನಾಗಪುರದಲ್ಲಿ. ಹುಡುಗರ ಪಾತ್ರ ಮಾಡಿದವರಲ್ಲಿ ಹೆಚ್ಚಿನವರು ಇಲ್ಲಿಯ ಓಣಿಗಳಿಂದಲೇ ಆರಿಸಿ ತಂದ ಹೊಸಬರು. ಆದುದರಿಂದ ಇದು ಮುಂಬಯಿಯ ಕಟ್ಟುಕಥೆಯೆಂದು ನಮ್ಮ ಮಕ್ಕಳು ನೋಡುವುದಿಲ್ಲ. ಅವರ ಕಣ್ಣಿಗೆ ಅದು ಪರಿಚಯದ ಊರು.

ಕಥೆಯ ಹಿಂದೆ ನಿಜವಾದ ಸಂಗತಿಯಿದೆ. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕ್ರೀಡಾಶಿಕ್ಷಕರಾಗಿದ್ದ ವಿಜಯ ಬಾರ್ಸೆ ಎಂಬವರು ಒಂದು ಮಳೆಯ ದಿನ ಝೋಪಡಪಟ್ಟಿಯ ಹುಡುಗರು ಒಡೆದ ಬಕೀಟನ್ನು ಚೆಂಡಿನಂತೆ ಒದೆಯುತ್ತ ಆಡುವುದನ್ನು ಕಂಡರು. ಅವರಿಗೆ ಚೆಂಡು ಕೊಟ್ಟು ಆಡಿಸಿದರು. 2001ರಲ್ಲಿ ಅದರಿಂದ ‘ಸ್ಲಮ್ ಸಾಕರ್’ ಎಂಬ ಸಂಸ್ಥೆ ಹುಟ್ಟಿತು. ಮನೆಮಾರು ಇಲ್ಲದವರಿಗಾಗಿಯೇ ‘ಹೋಮ್‌ಲೆಸ್ ವರ್ಲ್ಡ್ ಕಪ್’ ಎಂಬ ಫುಟ್‌ಬಾಲ್ ಪಂದ್ಯಾವಳಿ 2003ರಲ್ಲಿ ಆಸ್ಟ್ರಿಯಾ ದೇಶದ ಗ್ರಾಜ್ ಪಟ್ಟಣದಲ್ಲಿ ಮೊದಲ ಸಲ ನಡೆದಿತ್ತು. ಮುಂದೆ ಬಾರ್ಸೆಯವರ ಸಂಸ್ಥೆಯ ಮೂಲಕ ನಮ್ಮ ದೇಶದ ತಂಡಗಳು ಅಲ್ಲಿಗೆ ಹೋದವು. 2014ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ಕಾರ್ಯಕ್ರಮದಲ್ಲಿ ಈ ಸಂಗತಿ ದೇಶಕ್ಕೆಲ್ಲ ತಿಳಿಯಿತು. ಚಿತ್ರದಲ್ಲಿ ಬಾರ್ಸೆಯವರು ವಿಜಯ ಬೋರಾಡೆ ಆಗಿದ್ದಾರೆ. ಆ ಪಾತ್ರವನ್ನೇ ಬಚ್ಚನ್ನರು ಮಾಡಿದ್ದು.

ಈಗ ಪಾಲಕರು ಹಿಂಜರಿಯುವ ವಿಷಯಕ್ಕೆ ಬರುತ್ತೇನೆ. ಚಿತ್ರದ ಆರಂಭದಲ್ಲಿಯೇ ಹುಡುಗರು ಗೂಡ್ಸ್ ಗಾಡಿಯಿಂದ ಕಲ್ಲಿದ್ದಲು ಇಳಿಸುತ್ತಾರೆ, ಹೆಂಗಸಿನ ಕೊರಳ ಸರ ಕಿತ್ತುಕೊಂಡು ಓಡುತ್ತಾರೆ. ಬೀಡಿ ಸಿಗರೇಟು ಸೇದುತ್ತಾರೆ, ಅಮಲಿನ ವಸ್ತು ಮೂಸುತ್ತಾರೆ, ಜೂಜು ಆಡುತ್ತಾರೆ, ಹೊಡೆದಾಡುತ್ತಾರೆ. ಇವೆಲ್ಲ ಬಹಳ ಸಹಜವಾಗಿ, ನಗು ಬರುವಂತೆ ಬಂದಿವೆ. ಅದರಲ್ಲಿಯೇ ಅಪಾಯವಿದೆಯೆಂದು ಕೆಲವರು ಹೇಳುತ್ತಾರೆ. ಅದನ್ನು ಪೂರ್ತಿ ಅಲ್ಲಗಳೆಯಲಾರೆ. ಸರ ಕಿತ್ತುಕೊಂಡು ಓಡುವ ಹುಡುಗನ ಕಾಲಿನ ಚುರುಕು ನೋಡಿದರೆ ನನಗೂ ಒಂದು ಗಳಿಗೆ ಭೇಷ್ ಎನ್ನಬೇಕೆನಿಸಿತು. ಹದಿಮೂರರ ಹುಡುಗನಿಗೆ ಹೇಗೆ ಅನಿಸೀತು!

ಅಶ್ಲೀಲವೆನ್ನುವಂಥ ದೃಶ್ಯ ಇದರಲ್ಲಿಲ್ಲ. ಡಾನ್ ಎಂಬ ಮುಖ್ಯ ಹುಡುಗನಿಗೆ ಕಾಲೇಜಿನ ಒಬ್ಬ ಹುಡುಗಿಯ ಮೇಲೆ ಮನಸ್ಸಾಗುತ್ತದೆ, ಅದು ದೂರದಿಂದ ನೋಡುವುದರಲ್ಲಿಯೇ ಇರುತ್ತದೆ. ಬೈಗುಳದ ಮಾತು ಸಾಕಷ್ಟಿದೆ. ಇಲ್ಲಿ ಒಂದು ಮಾತು ಹೇಳಬೇಕು. ಬೈಗುಳ ಕೇಳಿ ಮಕ್ಕಳು ಕೆಡುತ್ತಾರೆಂದು ಅಂಜುವ ನಮ್ಮ ಕನ್ನಡದ ತಂದೆತಾಯಿಗಳಿಗೆ ನಾಗಪುರದ ಹಿಂದಿಯೇ ಪೂರ್ತಿ ಬರುವುದಿಲ್ಲ. ನಾವು ಮೂವತ್ತು ವರುಷಕ್ಕೆ ಇಲ್ಲಿಗೆ ಬಂದವರು, ಅಂಗಡಿಯಲ್ಲಿ ಲೆಕ್ಕ ಕೇಳುವಷ್ಟು, ಸಾಹೇಬರಿಗೆ ಉತ್ತರ ಕೊಡುವಷ್ಟು ಕಲಿತಿದ್ದೇವೆ. ಮಕ್ಕಳು ಇದೇ ಓಣಿಯಲ್ಲಿ ಬೆಳೆದವರು. ಚಿತ್ರದಲ್ಲಿ ನನಗೆ ಅರ್ಥವಾಗದೆ ಹೋದ ಮೂರು ನಾಲ್ಕು ಮಾತುಗಳಿಗೆ ಮಗ ನಗುತ್ತಿದ್ದ. ಅರ್ಥ ಕೇಳಿದರೆ, “ಏನಿಲ್ಲಪ್ಪಾ” ಎಂದ. ಆದುದರಿಂದ ಬೈಗುಳದ ಕಾರಣದಿಂದಲೇ ಚಿತ್ರ ಬೇಡವೆನ್ನುವುದು ಮಕ್ಕಳಿಗಿಂತ ನಮ್ಮ ಸಮಾಧಾನಕ್ಕೆ ಹೇಳುವ ಮಾತು.

ಸರಕಾರದ ಪ್ರಮಾಣಪತ್ರ ಇದ್ದೇ ಇದೆಯಲ್ಲ, ಅದನ್ನು ನೋಡಿದರೆ ಸಾಕಲ್ಲವೇ ಎಂದು ಕೇಳಬಹುದು. ಪ್ರಮಾಣಪತ್ರದ ವಿಷಯ ನಮ್ಮಲ್ಲಿ ಬಹಳ ಜನರಿಗೆ ಸ್ಪಷ್ಟವಿಲ್ಲ. 1952ರ ಚಲನಚಿತ್ರ ಕಾಯಿದೆಯ ಪ್ರಕಾರ ಎಲ್ಲರೂ ನೋಡಬಹುದಾದುದಕ್ಕೆ ‘ಯು’, ವಯಸ್ಕರಿಗೆ ಮಾತ್ರವಾದುದಕ್ಕೆ ‘ಎ’ ಎಂದು ಕೊಡುತ್ತಿದ್ದರು. 1983ರಲ್ಲಿ ನಡುವೆ ‘ಯುಎ’ ಎಂಬುದು ಸೇರಿತು. ಹನ್ನೆರಡು ವರ್ಷದೊಳಗಿನ ಮಕ್ಕಳು ನೋಡುವುದಾದರೆ ತಂದೆತಾಯಿಗಳು ವಿಚಾರ ಮಾಡತಕ್ಕದ್ದು ಎಂದು ಅದರ ಅರ್ಥ. ‘ಝುಂಡ್’ಗೆ ಸಿಕ್ಕಿದ್ದು ಈ ಯುಎ. ಅದು ತೆರೆ ಕಂಡ ಮೇಲೆ 2023ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಯುಎ ಎಂಬುದನ್ನು ಏಳು ವರ್ಷ ಮೇಲ್ಪಟ್ಟವರಿಗೆ, ಹದಿಮೂರು ಮೇಲ್ಪಟ್ಟವರಿಗೆ, ಹದಿನಾರು ಮೇಲ್ಪಟ್ಟವರಿಗೆ ಎಂದು ಮೂರು ಭಾಗ ಮಾಡಿದರು. 2024ರ ಮಾರ್ಚಿನಲ್ಲಿ ಅದಕ್ಕೆ ಹೊಸ ನಿಯಮಗಳೂ ಬಂದವು.

ಇದರಲ್ಲಿ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಒಂದೇ. ‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಥೇಟರಿನವನು ಒಳಗೆ ಬಿಡಬಾರದು, ಅದು ಅವನ ಹೊಣೆ. ಯುಎ ಚಿತ್ರಕ್ಕೆ ಹಾಗಿಲ್ಲ. ಅದರ ಮೇಲಿನ ವಯಸ್ಸಿನ ಅಂಕಿ ತಂದೆತಾಯಿಗಳಿಗೆ ಅಥವಾ ಪಾಲಕರಿಗೆ ಕೊಟ್ಟ ಸೂಚನೆ ಮಾತ್ರ. ಬಾಗಿಲಲ್ಲಿ ನಿಂತವನು ಯಾರನ್ನೂ ತಡೆಯಲಾರ. ಅಂದರೆ ಸರಕಾರ ಇಲ್ಲಿ ತೀರ್ಪು ಕೊಟ್ಟಿಲ್ಲ, ಕಾಗದವನ್ನು ಮಡಚಿ ನಮ್ಮ ಕೈಗೆ ಕೊಟ್ಟಿದೆ. ಮೊಬೈಲಿನ, ಟೀವಿಯ ಆ್ಯಪುಗಳಿಗೂ 2021ರ ನಿಯಮಗಳ ಪ್ರಕಾರ ಇಂಥದೇ ವಯಸ್ಸಿನ ಗುರುತು ಹಾಕಬೇಕಾಗುತ್ತದೆ. ಹದಿಮೂರು ಮೇಲ್ಪಟ್ಟ ಗುರುತಿನ ಚಿತ್ರಗಳಿಗೆ ಪಾಲಕರು ಬೀಗ ಹಾಕಿಕೊಳ್ಳುವ ಅನುಕೂಲ ಇರಲೇಬೇಕು. ಆ ಬೀಗದ ನಾಲ್ಕಂಕಿಯ ಸಂಖ್ಯೆಯನ್ನು ಎಷ್ಟು ಮನೆಗಳಲ್ಲಿ ಮಗನೇ ಇಟ್ಟುಕೊಟ್ಟಿರುತ್ತಾನೆಂದು ನಾನು ಬೇರೆ ಹೇಳಬೇಕಾಗಿಲ್ಲ.

ನನ್ನ ಮನೆಯಲ್ಲಿಯೂ ಅದೇ ಆಯಿತು. ಮಗನಿಗೆ ಹನ್ನೆರಡು ತುಂಬಿ ಹದಿಮೂರು ನಡೆದಿದೆ. ತೋರಿಸಲೋ ಬೇಡವೋ ಎಂದು ನಾನು ಎರಡು ವಾರ ವಿಚಾರ ಮಾಡಿ, ಮೊದಲು ಒಬ್ಬನೇ ನೋಡಿ, ಕಡೆಗೆ ಒಂದು ಆದಿತ್ಯವಾರ, “ಬಾರಪಾ, ಕೂಡಿ ನೋಡೋಣು” ಎಂದೆ. ಅವನು ಹಾಯಾಗಿ, “ಅದನ್ನ ನಾ ನೋಡೇನಪ್ಪಾ” ಎಂದ. ಎಲ್ಲಿ, ಯಾವಾಗ ಎಂದರೆ ಗೆಳೆಯನ ಮೊಬೈಲಿನಲ್ಲಿ, ತುಂಡು ತುಂಡಾಗಿ. ಸರ ಕೀಳುವುದು ನೋಡಿದ್ದ, ಕಲ್ಲಿದ್ದಲು ಕದಿಯುವುದು ನೋಡಿದ್ದ, ಜಯಂತಿಯ ಕುಣಿತ ನೋಡಿದ್ದ. ಆ ಹುಡುಗರು ಮುಂದೆ ಏನಾದರು ಎಂದು ಕೇಳಿದೆ. “ಮ್ಯಾಚ್ ಗೆದ್ದರು” ಎಂದ. ಆಮೇಲೆ? ಅವನಿಗೆ ಗೊತ್ತಿರಲಿಲ್ಲ.

ಆ ದಿನದಿಂದ ನನ್ನ ವಿಚಾರವೇ ಬದಲಾಯಿತು. ನಾವು ವಾಚನಾಲಯದಲ್ಲಿ ಕುಳಿತು ತೋರಿಸಬೇಕೋ ಬೇಡವೋ ಎಂದು ವಾದ ಮಾಡುತ್ತಿದ್ದೇವೆ. ಮಕ್ಕಳು ಅರ್ಧ ನೋಡಿಯಾಗಿದೆ. ಅದರಲ್ಲಿಯೂ ಕೆಡುಕಿನ ಅರ್ಧವನ್ನು, ಏಕೆಂದರೆ ಚುರುಕಾದದ್ದು, ತುಂಡು ಮಾಡಿ ಮೊಬೈಲಿನಲ್ಲಿ ಹಂಚಲು ಬರುವುದು ಅದೇ. ಹುಡುಗನೊಬ್ಬ ಪಾಸ್‌ಪೋರ್ಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ಯಾರು ತುಂಡು ಮಾಡಿ ಕಳಿಸುತ್ತಾರೆ? ನನ್ನ ಅಭಿಪ್ರಾಯ ಇಷ್ಟು: ಹದಿಮೂರರ ಸುಮಾರಿನ ಮಕ್ಕಳಿಗೆ ಈ ಚಿತ್ರ ತೋರಿಸಬಹುದು, ತೋರಿಸಿದರೆ ಪೂರ್ತಿ ತೋರಿಸಬೇಕು, ದೊಡ್ಡವರೊಬ್ಬರು ಜೊತೆಗೆ ಕುಳಿತಿರಬೇಕು. ಹತ್ತರೊಳಗಿನವರಿಗೆ ಬೇಡ. ಅವರಿಗೆ ಹೊಡೆದಾಟ ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಮೂರು ತಾಸು ಕುಳಿತುಕೊಳ್ಳುವ ತಾಳ್ಮೆಯೂ ಇರುವುದಿಲ್ಲ.

ಪೂರ್ತಿ ಏಕೆ ನೋಡಬೇಕೆಂಬುದಕ್ಕೆ ಕಥೆಯ ನಡೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋರಾಡೆ ಮಾಸ್ತರರು ಮೊದಲು ಹುಡುಗರಿಗೆ ಉಪದೇಶ ಮಾಡುವುದಿಲ್ಲ. ಅರ್ಧ ತಾಸು ಆಡಿರಿ, ಐದು ನೂರು ರೂಪಾಯಿ ಕೊಡುತ್ತೇನೆ ಎನ್ನುತ್ತಾರೆ. ಹುಡುಗರಿಗೆ ಇದು ಕಳ್ಳತನಕ್ಕಿಂತ ಸುಲಭದ ಗಳಿಕೆ. ಕೆಲವು ದಿನ ಹಾಗೆಯೇ ನಡೆಯುತ್ತದೆ. ಒಂದು ದಿನ ಮಾಸ್ತರರು ಹಣ ಇಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಹುಡುಗರಿಗೆ ಆಟದ ರುಚಿ ಹತ್ತಿರುತ್ತದೆ, ಹಣವಿಲ್ಲದೆಯೂ ಆಡುತ್ತಾರೆ. ಇಲ್ಲಿ ನನ್ನ ಮಗ ಕೇಳಿದ, “ಅವರು ರೊಕ್ಕ ಕೊಟ್ಟು ಆಡಿಸಿದ್ದು ಲಂಚ ಅಲ್ಲೇನು?” ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆ ಅರ್ಧ ತಾಸು ಅವರು ಬೇರೆಲ್ಲಿಯೂ ಇರಲಿಲ್ಲ, ಯಾವ ಅಮಲೂ ಮಾಡಲಿಲ್ಲ, ಮಾಸ್ತರರು ಕೊಂಡದ್ದು ಆ ಅರ್ಧ ತಾಸನ್ನು ಎಂದು ಹೇಳಿದೆ. ಸರಿಯಾಯಿತೋ ಇಲ್ಲವೋ ತಿಳಿಯದು. ಆದರೆ ಆ ಪ್ರಶ್ನೆ ಅವನು ಒಬ್ಬನೇ ನೋಡಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲ.

ಕಾಲೇಜಿಗೂ ಝೋಪಡಪಟ್ಟಿಗೂ ನಡುವೆ ಒಂದು ಗೋಡೆಯಿದೆ. ಗೋಡೆ ದಾಟುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂದು ಅದರ ಮೇಲೆ ಬರೆದಿದೆ. ಈ ಗೋಡೆ ಚಿತ್ರದುದ್ದಕ್ಕೂ ಬರುತ್ತದೆ, ಕಡೆಗೂ ಬರುತ್ತದೆ. ನಮ್ಮ ಮಕ್ಕಳಿಗೆ ಅದನ್ನು ತೋರಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳು ಗೋಡೆಯ ಯಾವ ಬದಿಗಿವೆಯೆಂಬುದು ನಮಗೇ ಖಚಿತವಿಲ್ಲ. ತಿಂಗಳ ಪಗಾರ ಬರುತ್ತದೆ, ಮಕ್ಕಳು ಶಾಲೆಯ ಟೈ ಕಟ್ಟುತ್ತಾರೆ. ಗಿರಣಿ ಮೂರು ತಿಂಗಳು ನಿಂತರೆ ಟೈ ಬಿಚ್ಚಬೇಕಾಗುತ್ತದೆ.

ಅಂಬೇಡಕರ ಜಯಂತಿಯ ದೃಶ್ಯದಲ್ಲಿ ಮಾಸ್ತರರು ಬಾಬಾಸಾಹೇಬರ ಚಿತ್ರದ ಎದುರು ಕೈಮುಗಿದು ನಿಲ್ಲುತ್ತಾರೆ. ಹುಡುಗರು ಕುಣಿಯುವುದನ್ನಷ್ಟೇ ನೋಡಿದ ಮಗುವಿಗೆ ಅದು ಗದ್ದಲವೆಂದೇ ಅನಿಸುತ್ತದೆ. 1956ರ ಅಕ್ಟೋಬರ 14ರಂದು ನಾಗಪುರದಲ್ಲಿಯೇ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮ ಸ್ವೀಕರಿಸಿದರೆಂದೂ, ಆ ಸ್ಥಳವೇ ದೀಕ್ಷಾಭೂಮಿಯೆಂದೂ, ನಮ್ಮ ಕಾಮಠಿಯ ಡ್ರ್ಯಾಗನ್ ಪ್ಯಾಲೇಸ್ ಬುದ್ಧಮಂದಿರಕ್ಕೆ ಜನ ಯಾಕೆ ಬರುತ್ತಾರೆಂದೂ ಎರಡು ಮಾತು ಹೇಳಿದರೆ ಆ ಕುಣಿತಕ್ಕೆ ಬೇರೆ ಅರ್ಥ ಬರುತ್ತದೆ. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಕಿಟಕಿಯಿಂದ ಮೆರವಣಿಗೆ ನೋಡುವ ಮಕ್ಕಳಿಗೆ ಇಷ್ಟಾದರೂ ತಿಳಿದಿರಬೇಕು.

ಎರಡನೆಯ ಭಾಗದಲ್ಲಿ ಆಟ ಕಡಿಮೆ, ಕಾಗದಪತ್ರ ಹೆಚ್ಚು. ವಿದೇಶದ ಪಂದ್ಯಾವಳಿಗೆ ಹೋಗಲು ಪಾಸ್‌ಪೋರ್ಟು ಬೇಕು, ಪಾಸ್‌ಪೋರ್ಟಿಗೆ ಗುರುತಿನ ದಾಖಲೆ ಬೇಕು, ಪೋಲೀಸರ ತನಿಖೆಯಾಗಬೇಕು. ಕಾಡಿನ ಹಳ್ಳಿಯ ಒಬ್ಬ ಹುಡುಗಿ ತಂದೆಯೊಂದಿಗೆ, ತಾನು ತಾನೇ ಎಂದು ಬರೆಸಿಕೊಳ್ಳಲು ಅಲೆಯುತ್ತಾಳೆ. ಡಾನ್‌ನ ಹಳೆಯ ವೈರಿ ಕಾಲು ಕೆದರಿ ಬರುತ್ತಾನೆ, ಹೊಡೆದಾಟವಾಗುತ್ತದೆ, ಹೆಸರು ಪೋಲೀಸರ ಪುಸ್ತಕಕ್ಕೆ ಏರುತ್ತದೆ, ಮಾತು ಕೋರ್ಟಿನವರೆಗೆ ಹೋಗುತ್ತದೆ. ಮಕ್ಕಳು ಇಲ್ಲಿ ಆಕಳಿಸಿ ಏಳುತ್ತಾರೆ. ಅವರನ್ನು ಕೂರಿಸಬೇಕಾದದ್ದು ಇಲ್ಲಿಯೇ. ಊರಿನಿಂದ ಬಂದು ಇಲ್ಲಿ ರೇಶನ್ ಕಾರ್ಡಿಗೆ, ಆಧಾರದ ವಿಳಾಸಕ್ಕೆ, ಮಕ್ಕಳ ಶಾಲೆಯ ದಾಖಲೆಗೆ ನಾವು ಅಲೆದದ್ದು ಮರೆತಿಲ್ಲ. ನಾನು ಗಿರಣಿಯಲ್ಲಿ ದಿನವೂ ನೋಡುತ್ತೇನೆ. ಕಂತ್ರಾಟಿನ ಕೆಲಸಕ್ಕೆ ಬಂದ ಹುಡುಗನಿಗೂ ಈಗ ಪೋಲೀಸ್ ದಾಖಲೆ ಕೇಳುತ್ತಾರೆ. ಇಪ್ಪತ್ತರ ಹುಡುಗ ಒಂದು ಹೊಡೆದಾಟದ ಕಾರಣಕ್ಕೆ ತಿರುಗಿ ಹೋಗುವುದನ್ನು ಕಂಡಿದ್ದೇನೆ.

ಇಲ್ಲಿ ಕಾಯಿದೆಯ ಕೆಲವು ಮಾತು ಪಾಲಕರಿಗೆ ತಿಳಿದಿರುವುದು ಒಳ್ಳೆಯದು. ಹದಿನೆಂಟು ತುಂಬದವನ ಮೇಲೆ ಅಪರಾಧದ ಆರೋಪ ಬಂದರೆ ಅವನನ್ನು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಬಾಲನ್ಯಾಯ ಮಂಡಳಿಯ ಮುಂದೆ ಒಯ್ಯಬೇಕು, ದೊಡ್ಡವರ ಲಾಕಪ್ಪಿನಲ್ಲಿ ಇಡಬಾರದು. ಅದರ 24ನೆಯ ಕಲಮಿನಂತೆ, ಆ ವಯಸ್ಸಿನಲ್ಲಿ ತಪ್ಪಿತಸ್ಥನೆಂದಾದರೂ ಮುಂದೆ ನೌಕರಿ ಮೊದಲಾದವುಗಳಿಗೆ ಅದು ಅನರ್ಹತೆಯಾಗತಕ್ಕದ್ದಲ್ಲ. ಹದಿನಾರರ ಮೇಲಿನವನು ಘೋರ ಅಪರಾಧ ಮಾಡಿ ವಯಸ್ಕನಂತೆ ವಿಚಾರಣೆಗೆ ಒಳಗಾದರೆ ಮಾತ್ರ ಬೇರೆ ಮಾತು. ಮಕ್ಕಳಿಗೆ ಸೆರೆಯನ್ನೋ ತಂಬಾಕನ್ನೋ ಅಮಲಿನ ವಸ್ತುವನ್ನೋ ಕೊಟ್ಟವನಿಗೆ ಅದೇ ಕಾಯಿದೆಯ 77ನೆಯ ಕಲಮಿನಲ್ಲಿ ಏಳು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಮಕ್ಕಳ ಕೈಯಿಂದ ಅದನ್ನು ಮಾರಿಸಿದರೆ, ಸಾಗಿಸಿದರೆ 78ನೆಯ ಕಲಮು, ಶಿಕ್ಷೆ ಅಷ್ಟೇ. ಶಾಲೆಯ ಎದುರಿನ ಟಪರಿಯವನಿಗೆ ಇದು ಗೊತ್ತಿಲ್ಲದಿದ್ದರೆ ನಾವು ತಿಳಿಸಬಹುದು. ಗೂಡ್ಸ್ ಗಾಡಿಯ ಕಲ್ಲಿದ್ದಲು ಕದ್ದರೆ 1966ರ ರೈಲ್ವೆ ಆಸ್ತಿ ಕಾಯಿದೆಯಲ್ಲಿ ದೊಡ್ಡವರಿಗೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಸಜೆ. ಕಾಮಠಿ ಕನ್ಹಾನ್ ನಡುವೆ ಕಲ್ಲಿದ್ದಲ ವ್ಯಾಗನ್ನುಗಳು ನಿಧಾನವಾದಾಗ ಹಳಿಯ ಹತ್ತಿರ ಸುಳಿಯುವ ಮಕ್ಕಳಿಗೆ ಸಜೆಗಿಂತ ಚಕ್ರದ ಭಯ ಹೇಳುವುದು ಹೆಚ್ಚು ಅವಶ್ಯ. ತೊಂದರೆಯಲ್ಲಿರುವ ಮಗುವನ್ನು ಕಂಡರೆ 1098 ಸಂಖ್ಯೆಗೆ ಫೋನು ಮಾಡಬಹುದು, ದುಡ್ಡು ಬೀಳುವುದಿಲ್ಲ.

ಇಂಥ ಚಿತ್ರಗಳು ಹೊಸವೇನಲ್ಲ. ಹಿರಿಯರಿಗೆ 1954ರ ‘ಬೂಟ್ ಪಾಲಿಶ್’ ನೆನಪಿರಬಹುದು. ಭಿಕ್ಷೆ ಬೇಡಲು ಅಟ್ಟಿದ ಚಿಕ್ಕಮ್ಮನ ಕೈತಪ್ಪಿಸಿ ಅಣ್ಣ ತಂಗಿ ಬೂಟು ಒರೆಸಿ ಬದುಕಲು ಹೊರಡುವ ಕಥೆ, ರಾಜಕಪೂರರು ತೆಗೆಸಿದ್ದು. ಚಿಕ್ಕ ಮಕ್ಕಳಿಗೆ ಅದು ನಡೆಯುತ್ತದೆ. ಕನ್ನಡದಲ್ಲಿಯೇ ಬೇಕೆಂದರೆ ಟಿ. ಎಸ್. ನಾಗಾಭರಣರ 1993ರ ‘ಚಿನ್ನಾರಿ ಮುತ್ತ’ ಇದೆ. ಹಳ್ಳಿಯಿಂದ ಬೆಂಗಳೂರಿಗೆ ಬಂದು ಬೀದಿಹುಡುಗರ ನಡುವೆ ಸಿಕ್ಕಿ, ಕಡೆಗೆ ಓಟಗಾರನಾಗುವ ಹುಡುಗನ ಕಥೆ. ಎಂಟು ಹತ್ತು ವರ್ಷದವರಿಗೆ ‘ಝುಂಡ್’ ಬದಲು ಇದನ್ನೇ ತೋರಿಸಿರಿ. ಕನ್ನಡ ಕೇಳಿದಂತೆಯೂ ಆಗುತ್ತದೆ.

ಮೀರಾ ನಾಯರರ 1988ರ ‘ಸಲಾಮ್ ಬಾಂಬೆ’ ಮಾತ್ರ ದೊಡ್ಡ ಮಕ್ಕಳಿಗೂ ಭಾರವಾದೀತು. ಅಮಲು, ವೇಶ್ಯಾವಾಟಿಕೆ, ಕೊಲೆ ಎಲ್ಲ ಅದರಲ್ಲಿದೆ. ಅದರಲ್ಲಿಯ ಹುಡುಗ ಕೃಷ್ಣನಿಗೂ ಮನೆಗೆ ಮರಳಲು ಬೇಕಾದದ್ದು ಐದು ನೂರು ರೂಪಾಯಿಯೇ, ಕಾಕತಾಳೀಯ ನೋಡಿರಿ. ಆ ಪಾತ್ರ ಮಾಡಿದ ಹುಡುಗ ನಿಜಕ್ಕೂ ನಮ್ಮ ಬೆಂಗಳೂರಿನಿಂದ ಮುಂಬಯಿಗೆ ಓಡಿಹೋಗಿ ಫುಟ್‌ಪಾಥಿನಲ್ಲಿದ್ದವನು. ಅವನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಸಿನೇಮಾದ ಕೆಲಸ ಹೆಚ್ಚು ಬರಲಿಲ್ಲ. ಬೆಂಗಳೂರಿಗೆ ಹಿಂತಿರುಗಿ ಆಟೋರಿಕ್ಷಾ ನಡೆಸಿ ಸಂಸಾರ ಸಾಗಿಸಿದ. ಆ ಚಿತ್ರದಿಂದಲೇ ಹುಟ್ಟಿದ ‘ಸಲಾಮ್ ಬಾಲಕ್ ಟ್ರಸ್ಟ್’ ದಿಲ್ಲಿ ಮುಂಬಯಿಗಳಲ್ಲಿ ಬೀದಿಮಕ್ಕಳಿಗಾಗಿ ದುಡಿಯುತ್ತ ಬಂದಿದೆ.

ಇದು ನಮ್ಮನ್ನು ಮೊದಲಿನ ವಾದಕ್ಕೆ ಮರಳಿಸುತ್ತದೆ. ಜರೀಪಟಕಾದಲ್ಲಿ ಸತ್ತ ತರುಣನ ಮೇಲೆ ಚಿತ್ರ ಬಂದ ವರ್ಷವೇ, 2022ರಲ್ಲಿ, ಕಳವಿನ ಆರೋಪ ಬಂದು ಬಂಧನವಾಗಿತ್ತು. ಮೂರು ವರ್ಷಕ್ಕೆ ಕೊಲೆಯಾದ. ಪೋಲೀಸರು ಹಿಡಿದದ್ದು ಅವನ ಗೆಳೆಯನನ್ನೇ. ಇದನ್ನು ಮಗನಿಗೆ ಹೇಳಬೇಕೇ ಎಂದು ನಾನೂ ನನ್ನ ಹೆಂಡತಿಯೂ ಬಹಳ ಹೊತ್ತು ಮಾತಾಡಿದೆವು. ಅವಳು ಬೇಡವೆಂದಳು, ಸಿನೇಮಾ ನೋಡಿ ಸಂತೋಷಪಟ್ಟಿದ್ದಾನೆ, ಇರಲಿ ಎಂದಳು. ಆದರೆ ಅವನಿಗೆ ಶಾಲೆಯಲ್ಲಿ ಮೊದಲೇ ತಿಳಿದಿತ್ತು.

ಚಿತ್ರದ ಕಡೆಗೆ ಡಾನ್ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಕಮಾನು ದಾಟುವಾಗ ಅದು ಮತ್ತೆ ಮತ್ತೆ ಕೂಗುತ್ತದೆ. ಅವನ ಬಳಿ ಇನ್ನೂ ಒಂದು ಚಿಕ್ಕ ಬ್ಲೇಡು ಉಳಿದಿರುತ್ತದೆ. ಅದನ್ನು ತೆಗೆದು ಎಸೆದು ದಾಟುತ್ತಾನೆ. ಆ ದೃಶ್ಯಕ್ಕೆ ಮಗ, “ಆ ಸತ್ತ ಹುಡುಗನ್ನ ಯಾರೂ ಹಿಂಗ ನಿಲ್ಲಿಸಿ ನೋಡಲಿಲ್ಲೇನಪ್ಪಾ?” ಎಂದು ಕೇಳಿದ. ಸಿನೇಮಾದಲ್ಲಿ ಆರಿಸಿದ ಎಲ್ಲ ಹುಡುಗರಿಗೂ ಒಬ್ಬೊಬ್ಬ ಮಾಸ್ತರ ಸಿಗುವುದಿಲ್ಲ ಎಂದೆ. ಸಿನೇಮಾ ಕೆಡಿಸಿತೆಂದು ನಾನು ಒಪ್ಪುವುದಿಲ್ಲ. ಸಿನೇಮಾ ಅವನನ್ನು ಬದುಕಿಸಬೇಕಾಗಿತ್ತೆಂದೂ ಹೇಳಲಾರೆ. ಒಂದು ಚಿತ್ರದ ಕೆಲಸ ಕೆಲವು ತಿಂಗಳದ್ದು. ಬಾರ್ಸೆಯವರು 2001ರಿಂದ ಮಾಡುತ್ತ ಬಂದದ್ದು ದಿನವೂ ಸಂಜೆ ಮೈದಾನಕ್ಕೆ ಬರುವ ಕೆಲಸ. ಹುಡುಗನಿಗೆ ಈ ಎರಡರ ಅಂತರ ತಿಳಿದರೆ ಸಾಕು.

ಕೂಡಿ ನೋಡುವಾಗ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಅರ್ಧ ತಾಸು ಪ್ರತಿ ದೃಶ್ಯಕ್ಕೂ ನಿಲ್ಲಿಸಿ, ನೋಡು, ಹೀಗೆ ಮಾಡಬಾರದು ಎಂದು ಹೇಳುತ್ತ ಹೋದೆ. ಅವನು ನನ್ನ ಮುಖ ನೋಡದೆ ಸುಮ್ಮನಾದ. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ, ಅವನೇ ಕೇಳತೊಡಗಿದ. ಬಚ್ಚನ್ನರ ಮಾಸ್ತರರೂ ಹುಡುಗರನ್ನು ಮನೆಗೆ ಕರೆದು ತಮ್ಮ ತಮ್ಮ ಕಥೆ ಹೇಳಲು ಬಿಡುತ್ತಾರೆ, ನಡುವೆ ತಾವು ಮಾತಾಡುವುದಿಲ್ಲ. ಮೊದಲು ನಗುತ್ತ ಇದ್ದ ಹುಡುಗರು ಒಬ್ಬೊಬ್ಬರಾಗಿ ಗಂಭೀರವಾಗುತ್ತಾರೆ. ಆ ದೃಶ್ಯ ಬಂದಾಗ ನನಗೆ ನಾಚಿಕೆಯಾಯಿತು. ಹೆಣ್ಣುಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ ನೋಡುವ ಚಿತ್ರವೂ ಇದಲ್ಲ. ತಂಡದಲ್ಲಿ ಹುಡುಗಿಯರೂ ಇದ್ದಾರೆ, ಮಕ್ಕಳ ತಾಯಿಯಾದ ಒಬ್ಬಳೂ ಇದ್ದಾಳೆ.

ವಾಚನಾಲಯದ ಟೀವಿಯಲ್ಲಿ ಒಂದು ಆದಿತ್ಯವಾರ ಎಲ್ಲರಿಗೂ ಕೂಡಿ ತೋರಿಸೋಣವೆಂದು ಕೆಲವರು ಸೂಚಿಸಿದ್ದಾರೆ. ಒಳ್ಳೆಯ ಸೂಚನೆ, ಆದರೆ ಹಾಗೆ ಮಾಡಲು ಬರುವುದಿಲ್ಲ. ಆ್ಯಪಿನ ಚಂದಾ ಒಂದು ಮನೆಯವರ ಉಪಯೋಗಕ್ಕೆ ಕೊಟ್ಟದ್ದು. ನೂರು ಜನರನ್ನು ಕೂಡಿಸಿ ತೋರಿಸಿದರೆ ಸಾರ್ವಜನಿಕ ಪ್ರದರ್ಶನವಾಗುತ್ತದೆ, ಅದಕ್ಕೆ ಚಿತ್ರದ ಹಕ್ಕುದಾರರ ಅನುಮತಿ ಬೇಕು. ಅನುಮತಿಗೆ ಬರೆದು ಕೇಳಬಹುದು. ಅದು ಬರುವವರೆಗೆ ಚಂದಾ ಇರುವ ಮನೆಯವರು ನೆರೆಮನೆಯ ಒಂದಿಬ್ಬರು ಮಕ್ಕಳನ್ನು, ಅವರ ತಂದೆಯೋ ತಾಯಿಯೋ ಜೊತೆಗೆ ಬರುವುದಾದರೆ, ಕರೆದುಕೊಳ್ಳುವುದು ಒಳ್ಳೆಯದು. ಚಿತ್ರ 2022ರ ಮೇ ತಿಂಗಳಲ್ಲಿ ಝೀ5 ಆ್ಯಪಿಗೆ ಬಂದಿತ್ತು. ಚಂದಾ ಕಟ್ಟುವ ಮೊದಲು ಈಗ ಯಾವ ಆ್ಯಪಿನಲ್ಲಿದೆಯೆಂದು ಹುಡುಕಿ ನೋಡಿಕೊಳ್ಳಿರಿ.

ಚಿತ್ರ ಹೆಚ್ಚು ಕಡಿಮೆ ಮೂರು ತಾಸಿನದು. ರಾತ್ರಿ ಪಾಳಿ ಇರುವವರಿಗೆ ಒಂದೇ ಸಲ ನೋಡುವುದು ಆಗಲಿಕ್ಕಿಲ್ಲ. ಅಂಥವರು ಕಾಲೇಜಿನ ಹುಡುಗರೊಂದಿಗಿನ ಪಂದ್ಯ ಮುಗಿದಲ್ಲಿ ನಿಲ್ಲಿಸಬಹುದು, ಉಳಿದುದನ್ನು ಮರುದಿನವೇ ನೋಡಬೇಕು. ಮುಂದಿನ ವಾರದ ಸುಟಿಗೆಂದು ಇಟ್ಟರೆ ಮಗ ಅಷ್ಟರಲ್ಲಿ ಗೆಳೆಯನ ಮೊಬೈಲಿನಲ್ಲಿ ತನಗೆ ಬೇಕಾದಷ್ಟನ್ನು ನೋಡಿ ಮುಗಿಸಿರುತ್ತಾನೆ.